ಸ್ಕ್ರೂಡ್ರೈವರ್ ಇಳಿದಷ್ಟು

ಮನೆ ಕೊಳ್ಳುವಾಗ ಕೈಗೆ ಬಂದ ವರದಿಯಲ್ಲಿ
ಒಂದೇ ಮಾತು: ಕಿಟಕಿಗಳು, ತೃಪ್ತಿಕರ.
ಬಿಳಿ ಬಣ್ಣ ಹೊಳೆಯುತ್ತಿತ್ತು. ನಾನೂ ನಂಬಿದೆ,
ದಿನವಿಡೀ ಎಕ್ಸ್‌ರೇ ಕೋಣೆಯಲ್ಲಿ ಜನರ ಎಲುಬು ನೋಡುವವಳು,
ಮೇಲಿನ ಚರ್ಮ ಏನನ್ನೂ ಹೇಳುವುದಿಲ್ಲವೆಂದು ಬಲ್ಲವಳು.

ಮೂರನೆಯ ಚಳಿಗಾಲ ಕಳೆದು
ಧೂಳು ಒರೆಸುತ್ತಿದ್ದಾಗ ಹೆಬ್ಬೆರಳು
ಚೌಕಟ್ಟಿನ ಕೆಳಪಟ್ಟಿಯೊಳಗೆ ಇಳಿದುಹೋಯಿತು
ಕಳಿತ ಬಾಳೆಹಣ್ಣಿಗೆ ಇಳಿದ ಹಾಗೆ.
ಸದ್ದೇ ಇಲ್ಲ.

ಹೊರಗೆ ಥಳುಕು ಒಳಗೆ ಹುಳುಕು
ಅನ್ನುತ್ತಿದ್ದಳು ಸೋದರತ್ತೆ, ಯಾರ ಮದುವೆಗೆ ಹೋದರೂ.
ಇಲ್ಲಿ ಹುಳವೂ ಇಲ್ಲ, ಗೆದ್ದಲೂ ಇಲ್ಲ;
ದೂರಲಿಕ್ಕೆ ಒಂದು ಪ್ರಾಣಿಯಾದರೂ ಬೇಡವೆ?
ಬರೀ ನೀರು.
ಹಂಬರ್ ಕಡೆಯಿಂದ ಅಡ್ಡಡ್ಡ ಬರುವ ಗ್ರಿಮ್ಸ್‌ಬಿಯ ಮಳೆ
ಬಣ್ಣದ ಕೂದಲೆಳೆ ಬಿರುಕಿನಲ್ಲಿ ನುಸುಳಿ,
ಹೊರಗೆ ದಾರಿ ಸಿಗದೆ,
ಅಲ್ಲೇ ಸಂಸಾರ ಹೂಡಿತ್ತು.

ಪಕ್ಕದ ಮನೆಯ ಮೇವಿಸ್, ಎಂಬತ್ತೊಂದು ವರ್ಷ,
ತೀರಿಹೋದ ಗಂಡನ ಉಳಿಗಳನ್ನು
ಎಣ್ಣೆಬಟ್ಟೆಯಲ್ಲಿ ಸುತ್ತಿ ತಂದಳು.
ಮೀನುದೋಣಿಗಳ ಬಡಗಿಯಂತೆ ಆತ.
'ಮೆತ್ತಗಿರುವುದನ್ನೆಲ್ಲ ತೆಗೆ' ಅಂದಳು, 'ಕರುಣೆ ಬೇಡ.
ಗಟ್ಟಿ ಮರ ಸಿಕ್ಕ ಮೇಲೂ ಇನ್ನೊಂದಿಷ್ಟು ತೆಗೆ.'
ಅಷ್ಟು ಹೇಳಿ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದಳು.

ತೆಗೆದೆ.
ಹಲಸು ತಟ್ಟಿ ನೋಡುವ ಹಾಗೆ ತಟ್ಟುತ್ತ
ಮಂಕು ಸದ್ದು ಬಂದಲ್ಲೆಲ್ಲ ಉಳಿ ಇಟ್ಟೆ.
ಕಾಫಿ ಚರಟದಂಥ ಪುಡಿ, ಉದ್ದುದ್ದ ನಾರು,
ಹಿಂದೆ ಯಾರೋ ತುಂಬಿದ್ದ ಪುಟ್ಟಿ, ಅದರ ಹಿಂದೆ
ಮಡಿಸಿ ತುರುಕಿದ ದಿನಪತ್ರಿಕೆ, ಕುದುರೆ ರೇಸಿನ ಪುಟ.
ಬೆರಳಗಲ ಅಂದುಕೊಂಡದ್ದು
ಗೇಣಾಯಿತು, ಮೊಳವಾಯಿತು.

ಪಕ್ಕದ ಪೆಟ್ಟಿಗೆ ಬಿಚ್ಚಿದರೆ
ಕಬ್ಬಿಣದ ತೂಕ ಇತ್ತು. ಹಗ್ಗದ ಜಾಗದಲ್ಲಿ
ಯಾರದೋ ನೈಲಾನ್ ಸ್ಟಾಕಿಂಗ್,
ಮೂರು ಗಂಟು, ಎಳೆದೆಳೆದು ದಾರವಾದದ್ದು.
ಯಾವ ಸೆಖೆಯ ರಾತ್ರಿಯೊ, ಮಗು ಅಳುತ್ತಿತ್ತೊ,
ಅಂಗಡಿ ಮುಚ್ಚಿತ್ತೊ.
ಮೇವಿಸ್ ಬೆಳಕಿಗೆ ಹಿಡಿದು ನೋಡಿದಳು.
ಒಂದು ಕಥೆ ಬರುತ್ತದೆಂದು ಕಾದೆ.
'ಒಳ್ಳೇ ಮಾಲು' ಅಂದಳು. 'ಹಾಳು ಮಾಡಿದ್ದಾಳೆ.'

ಎರಡು ಡಬ್ಬಿಯ ಲೇಪ ಕಲಸಿದೆ, ಹೋಳಿಗೆ ಕಣಕದ ಹದಕ್ಕೆ.
ಹತ್ತೇ ನಿಮಿಷ, ಆಮೇಲೆ ಕಲ್ಲು.
ದೊಡ್ಡ ಗುಣಿಗೆ ಓಕ್ ತುಂಡು:
ಮೊದಲನೆಯದು ಗಿಡ್ಡ, ಎರಡನೆಯದು ಬಿಗಿ,
ಮೂರನೆಯದನ್ನು ಬೈದು ಬೈದು ಬಡಿದೆ, ಕೂತಿತು.
ಬೈಗುಳ ಮಾತ್ರ ಅಚ್ಚ ಕನ್ನಡದವು;
ಎಷ್ಟೋ ವರ್ಷ ಒಳಗಿದ್ದೂ
ತುಕ್ಕು ಹಿಡಿದಿರಲಿಲ್ಲ.

ಬಣ್ಣಕ್ಕೆ ಮುಂಚೆ ಒಣಗಲೆಂದು ಮೂರು ದಿನ ಬಿಟ್ಟೆ.
ಮೂರೂ ದಿನ ಮಳೆ. ರಾತ್ರಿಯೆಲ್ಲ
ಪ್ಲಾಸ್ಟಿಕ್ ಹಾಳೆ ಪಟಪಟ.
ಆಸ್ಪತ್ರೆಯಲ್ಲಿ ಒಬ್ಬ ಮುದುಕನ ಸೊಂಟದ ಚಿತ್ರ ತೆಗೆದು
ಬೆಸೆದ ಗೆರೆಯನ್ನೇ ನೋಡುತ್ತ ನಿಂತುಬಿಟ್ಟೆ,
ಹೊಸದು ಎಲ್ಲಿ ಮುಗಿದು
ಹಳೆಯದು ಎಲ್ಲಿ ಶುರುವಾಗುತ್ತದೆಂದು.
'ಏನಾದರೂ ತೊಂದರೆಯೆ?' ಅಂದ.
'ಇಲ್ಲ, ಚೆನ್ನಾಗಿ ಕೂತಿದೆ' ಅಂದೆ.

ಈಗ ಕಿಟಕಿ ಏರುತ್ತದೆ, ಏರಿದಲ್ಲಿ ನಿಲ್ಲುತ್ತದೆ.
ಎಡಕ್ಕೆ ಹೊಸ ಹಗ್ಗ. ಬಲಕ್ಕೆ
ಆ ಸ್ಟಾಕಿಂಗನ್ನೇ ಮತ್ತೆ ಕಟ್ಟಿದ್ದೇನೆ,
ನಾಲ್ಕನೆಯ ಗಂಟು ನನ್ನದು.
ಇಳಿಸಿದರೆ ಒಂದು ಪೆನ್ನಿಯ ದಪ್ಪ ಸಂದು ಉಳಿಯುತ್ತದೆ,
ಗಾಳಿಗೆ ಸಿಳ್ಳೆ ಹಾಕುತ್ತದೆ.
ಬರುವ ಬೇಸಿಗೆಗೆ ನೋಡೋಣ.

ಮೇವಿಸ್ ಉಳಿಗಳನ್ನು ವಾಪಸು ಕೇಳಿಲ್ಲ.
ಅವಳ ಅಡುಗೆಮನೆ ಕಿಟಕಿಗೆ
ಹೋದ ವಾರ ಬಣ್ಣ ಹೊಡೆಸಿದಳು, ತುಂಬ ಹೊಳೆಯುತ್ತದೆ.
ಅಲ್ಲಿ ನಿಂತು ಮಾತಾಡುವಾಗ
ಜೇಬಿನ ಸ್ಕ್ರೂಡ್ರೈವರ್ ಮೇಲಿಂದ
ಕೈ ತೆಗೆದು ಹೊರಗಿಡುತ್ತೇನೆ.