ಏಳು

ಡಂಡೀ ಊರಿನ ಆರೋಗ್ಯ ಕೇಂದ್ರದಲ್ಲಿ
ಡಾಕ್ಟರ್ ಇಷೊಬೆಲ್ ರೇ ಪೆನ್ನಿನ ಮುಚ್ಚಳದಿಂದ
ನನ್ನ ಮುಂಗೈ ಮೇಲೆ ಒಂದು ಗೆರೆ ಎಳೆದು
ಗಡಿಯಾರ ನೋಡುತ್ತಾ ಕೂತರು.

ಮೊದಲು ಬಿಳಿ. ಆಮೇಲೆ ಕೆಂಪು.
ಆಮೇಲೆ ಗೆರೆಯೇ ಎದ್ದು ನಿಂತಿತು,
ಒಳಗಿನಿಂದ ಯಾರೋ ಹೊಲಿಗೆ ಹಾಕಿದ ಹಾಗೆ.

"ನಿಮ್ಮದು ಬರೆಸಿಕೊಳ್ಳುವ ಚರ್ಮ," ಅಂದರು.
ನಗು ಬಂತು. ನಮ್ಮಲ್ಲಿ ಬರೆಯುವುದು ಹಣೆಯ ಮೇಲೆ,
ಅದೂ ಹುಟ್ಟಿದ ಆರನೇ ರಾತ್ರಿ, ಯಾರಿಗೂ ಕಾಣದ ಮಸಿಯಲ್ಲಿ.
ಇಪ್ಪತ್ತಮೂರಕ್ಕೆ, ಮುಂಗೈ ಮೇಲೆ,
ಪ್ಲಾಸ್ಟಿಕ್ ಮುಚ್ಚಳದಲ್ಲೂ ಬರೆಯುತ್ತಾರೆಂದು
ಯಾರೂ ಹೇಳಿರಲಿಲ್ಲ.

ಪ್ರಶ್ನೆಗಳು ಬಂದವು.
ಸ್ನಾನದ ನೀರು? ಮೈ ಸುಡುವಷ್ಟು. ಸ್ಕಾಟ್ಲೆಂಡಿನ ಜನವರಿಯಲ್ಲವೇ.
ಕೆಲಸ? ಕರೆಂಟು ಹೋದವರ ಕರೆ ತೆಗೆದುಕೊಳ್ಳುವುದು, ರಾತ್ರಿ ಪಾಳಿ.
ಅವರು ಬೈಯುವುದು, ನಾನು ಕ್ಷಮಿಸಿ ಅನ್ನುವುದು.
ಹಗಲು? ರೇಡಿಯಾಗ್ರಫಿ ಓದು:
ಚರ್ಮವನ್ನು ಲೆಕ್ಕಕ್ಕೇ ಇಡದೆ ಎಲುಬು ನೋಡುವ ವಿದ್ಯೆ.
ಊಟ? ಟೀ ಬಿಸ್ಕತ್ತು ಊಟವಾದರೆ, ಮೂರು ಹೊತ್ತು.
ನಿದ್ದೆ ಎಷ್ಟು ಗಂಟೆ?

ಏಳು, ಅಂದೆ.
ಇಂಗ್ಲಿಷಿನಲ್ಲಿ ಅದು ಬರೀ ಅಂಕಿ.
ಕನ್ನಡದಲ್ಲಿ ಹೊದಿಕೆ ಎಳೆಯುವ ಕೈ ಕೂಡ.

ಬರೆದುಕೊಂಡರು. ಮಾತ್ರೆ ಕೊಟ್ಟರು.
ಚಿಂತೆ ಕಡಿಮೆ ಮಾಡಿ ಅಂದರು,
ಉಪ್ಪು ಕಡಿಮೆ ಮಾಡಿ ಅನ್ನುವಷ್ಟು ಸಲೀಸಾಗಿ.

ಬೆಳಗಿನ ಜಾವ ಮೂರಕ್ಕೆ, ಕ್ಯಾಂಟೀನಿನಲ್ಲಿ,
ಪಕ್ಕದ ಸೀಟಿನ ಕರ್ಸ್ಟಿ ಫೋನನ್ನೇ ಕನ್ನಡಿ ಮಾಡಿ
ಗಲ್ಲದ ಮೊಡವೆಗಳ ಮೇಲೆ ಬಣ್ಣ ಮೆತ್ತುತ್ತಿದ್ದಳು.
ಕರೆ ಮಾಡುವವರಿಗೆ ನಮ್ಮ ಮುಖ ಕಾಣುವುದಿಲ್ಲ.
ಆದರೂ ಮೆತ್ತುತ್ತಾಳೆ.

"ಎಲ್ಲಿ, ತೋರಿಸು ನಿನ್ನ ಮ್ಯಾಜಿಕ್ಕು."
ಸ್ವೆಟರಿನ ತೋಳು ಮಡಚಿ, ಉಗುರಿನಿಂದ ಬರೆದೆ:
೪
ಕಾದೆವು. ಎದ್ದಿತು.

"ಮೀನು!" ಅಂದಳು. "ಬಾಲ ಮೇಲೆ ಮಾಡಿ
ಟೇ ನದಿಗೆ ಧುಮುಕುತ್ತಿದೆ."
ಮೀನಲ್ಲ ಮಾರಾಯ್ತಿ, ಅಂಕಿ, ಅಂದೆ.
"ಯಾವುದರ ಲೆಕ್ಕ?"

ಹೇಳುವಷ್ಟರಲ್ಲಿ ಬಿಡುವು ಮುಗಿದಿತ್ತು.
ಹೆಡ್‌ಫೋನ್ ಏರಿಸಿದೆ. ಅರ್ಬ್ರೋತ್‌ನಲ್ಲಿ ಒಬ್ಬ ಮುದುಕ
ಸಂಜೆಯಿಂದ ಕತ್ತಲಲ್ಲಿ ಕೂತಿದ್ದನಂತೆ,
ಕಂಬ ಬೀಳಿಸಿದವಳು ನಾನೇ ಎಂಬಂತೆ ಬೈದ.
ಕ್ಷಮಿಸಿ, ಅಂದೆ. ಕ್ಷಮಿಸಿ.
ಕೀಬೋರ್ಡಿನ ಮೇಲೆ ಕೈ, ಕೈ ಮೇಲೆ ಮೀನು.
ಇಪ್ಪತ್ತು ನಿಮಿಷ ಇತ್ತು ನಿಜ,
ಆಮೇಲೆ ಇಳಿಯಿತು.

ತುರಿಕೆ ಮಾತ್ರ
ಪಾಳಿ ಮುಗಿಯುವವರೆಗೂ.