ಮೂರನೇ ವಾರ: ಒಪ್ಪಿಗೆ

ಗ್ರೋನಿಂಗನ್ನಿನ ನವೆಂಬರ್. ಕಿಟಕಿಯಾಚೆ ಸೈಕಲ್ಲುಗಳು
ಒಂದರ ಹೆಗಲಿಗೊಂದು ಒರಗಿ ನೆನೆಯುತ್ತಿವೆ,
ಯಾವ ಒಪ್ಪಂದವೂ ಇಲ್ಲದೆ.
ಒಳಗೆ ನಾವು ಹನ್ನೊಂದು ಜನ, ಎಲ್ಲರ ಮುಂದೂ ಒಂದೇ ಪುಸ್ತಕ.
ರಾಜನ ತಲೆ ಕಡಿದು, ಆಮೇಲೆ ಏನು ಮಾಡುವುದೆಂದು
ಊರೂರೇ ಯೋಚಿಸುತ್ತಿದ್ದ ಕಾಲದ್ದು.
ವಾಕ್ಯಗಳು ಎಷ್ಟು ಉದ್ದವೆಂದರೆ
ಕ್ರಿಯಾಪದ ಸಿಗುವಷ್ಟರಲ್ಲಿ ಕಾಫಿ ಆರಿರುತ್ತದೆ.

ನನ್ನ ಪ್ರತಿ ಮೂರನೇ ಕೈಯದು, ನಾಲ್ಕು ಯೂರೋ.
ಹಿಂದೆ ಓದಿದವರು ಯಾರೋ ಒಪ್ಪಿಗೆಯ ಅಧ್ಯಾಯದ ಅಂಚಿನಲ್ಲಿ
ಪೆನ್ಸಿಲ್ಲಿನಲ್ಲಿ ಗೀಚಿದ್ದಾರೆ: ‘ಹೌದಾ?’
ಅದೊಂದೇ ಮಾತು. ಆಮೇಲಿನ ಅಂಚುಗಳೆಲ್ಲ ಖಾಲಿ.
ಉತ್ತರ ಸಿಕ್ಕಿತೋ, ಪರೀಕ್ಷೆ ಮುಗಿಯಿತೋ.

ತಾಲೆನಾ ಬೋಸ್ಮಾ ಕನ್ನಡಕ ತೆಗೆದು ಕೇಳುತ್ತಾರೆ:
‘ಎಲ್ಲರೂ ಸೇರಿ ಒಪ್ಪಿಕೊಂಡೆವಂತೆ. ಯಾವತ್ತು?
ಆ ದಿನ ನೀವೆಲ್ಲಿದ್ದಿರಿ?’
ಹೇಗ್ ನಗರದ ಫ್ಲೋರಿಸನ ಬಳಿ ಉತ್ತರ ಸಿದ್ಧ:
ರಸ್ತೆಯಲ್ಲಿ ನಡೆದವನು ಒಪ್ಪಿದವನೇ,
ಸೂರಿನಡಿ ನಿಂತವನು ಒಪ್ಪಿದವನೇ,
ಒಪ್ಪದವನಿಗೆ ಬಾಗಿಲು ತೆರೆದೇ ಇದೆಯಲ್ಲ.
ಕೆಟ್ಟವನಲ್ಲ ಅವನು. ಪುಸ್ತಕದಲ್ಲಿದ್ದದ್ದನ್ನೇ ಹೇಳಿದ,
ಬರೆದುಕೊಳ್ಳಲು ನನಗೆ ತನ್ನ ಪೆನ್ನನ್ನೂ ಕೊಟ್ಟ.

ಬಾಗಿಲು.
ನಮ್ಮ ಮನೆಯ ಹಿಂಬಾಗಿಲು ಈಗ ಚೌಕಟ್ಟಿನಲ್ಲಿ ಕೂರುವುದಿಲ್ಲ.
ಊರಿನಡಿಯಿಂದ ಗ್ಯಾಸು ತೆಗೆದು ತೆಗೆದು
ನೆಲ ಒಂದು ರಾತ್ರಿ ನಿದ್ದೆಯಲ್ಲೇ ಮಗ್ಗುಲು ಬದಲಿಸಿತು.
ಆಮೇಲೆ ಅದಕ್ಕೆ ಅದೇ ರೂಢಿ.
ಹೋದ ವಾರ ಓದಿದ್ದೆವು: ಬೆವರು ಬೆರೆತ ನೆಲ ಬೆವರಿದವನದು.
ಬುಟ್ಟಿ ಬುಟ್ಟಿ ಮಣ್ಣು ಹೊತ್ತು ದಿಬ್ಬ ಕಟ್ಟಿ
ಸಮುದ್ರದೆದುರು ಒಲೆ ಹಚ್ಚಿದವರು ನಮ್ಮ ಹಿರಿಯರು;
ಅಡಿಯದು ಯಾರದೆಂದು ಕೇಳಿಡುವ ಬುದ್ಧಿ ಅವರಿಗೆ ಬರಲಿಲ್ಲ.
ಅಡುಗೆಮನೆಯ ಗೋಡೆಯಲ್ಲಿ ಬಿರುಕು, ಸೂರಿನಿಂದ ಸಿಂಕಿನವರೆಗೆ.
ಅದರ ಮೇಲೊಂದು ಪ್ಲಾಸ್ಟಿಕ್ ಅಳತೆಪಟ್ಟಿ,
ಸರಕಾರ ಬಂದು ತಿರುಪು ಹಾಕಿ ಹೋದದ್ದು.
ಅಮ್ಮ ದಿನಾ ಬೆಳಿಗ್ಗೆ, ಬ್ರೆಡ್ಡಿಗೆ ಬೆಣ್ಣೆ ಸವರುವ ಮೊದಲು,
ಕಣ್ಣು ಕಿರಿದು ಮಾಡಿ ಅದನ್ನು ಓದುತ್ತಾಳೆ,
ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತಾಳೆ:
ಒಂದೂವರೆ. ಒಂದೂವರೆ. ಎರಡು.
ಹದಿನಾರಕ್ಕೇ ಶಾಲೆ ಬಿಟ್ಟವಳು.
ಇಷ್ಟು ನಿಧಾನವಾಗಿ ಓದುವವರನ್ನು ನಾನು ಬೇರೆ ಕಂಡಿಲ್ಲ.

ಪಠ್ಯಕ್ಕೆ ಅಂಟಿಕೊಳ್ಳಿ, ಎನ್ನುತ್ತಾರೆ ಬೋಸ್ಮಾ, ಪ್ರೀತಿಯಿಂದಲೇ.
ಅಂಟಿಕೊಂಡೆ.
ದೊರೆ ಎಲ್ಲಿಯವರೆಗೆ ಕಾಯುತ್ತಾನೋ ಅಲ್ಲಿಯವರೆಗೆ ಪ್ರಜೆ.
ಕೆಳಗೆ ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು.

ದೊರೆ ಕಾಯುತ್ತಾನೆ, ಎನ್ನುತ್ತದೆ ಪುಸ್ತಕ.
ಅಮ್ಮ ಕಾಯುತ್ತಾಳೆ,
ಕಡತದ ಸಂಖ್ಯೆ ಫ್ರಿಜ್ಜಿಗೆ ಅಂಟಿಸಿಕೊಂಡು, ಇದು ಆರನೇ ವರ್ಷ.
ನನ್ನ ಬೆನ್ನ ಹಿಂದೆ ಹೀಟರೂ ಕಾಯುತ್ತಿದೆ
ಟಕ್ ಟಕ್ ಎಂದು; ಅದರ ಕಬ್ಬಿಣದ ಪಕ್ಕೆಲುಬುಗಳಲ್ಲಿ
ನಮ್ಮೂರಿನಡಿಯ ಉಸಿರು.
ಆರರ ಬಸ್ಸಿನಲ್ಲಿ ಮರಗಟ್ಟಿದ್ದ ಕೈಗಳನ್ನು
ಹಿಂದೆ ಚಾಚಿ, ಯಾರೂ ನೋಡದಂತೆ, ಅದಕ್ಕೆ ಒತ್ತಿಕೊಂಡಿದ್ದೇನೆ.
ಬೆಚ್ಚಗಿದೆ.
ಇದು ಸಹಿಯೇ,
ಹತ್ತೂ ಬೆರಳಿನ ಹೆಬ್ಬೆಟ್ಟು?

‘ಗೇಸ್ಕೆ, ಏನೋ ಹೇಳುವ ಹಾಗಿದೆ?’
ಇಲ್ಲ ಎಂದು ತಲೆಯಾಡಿಸಿದೆ.
ಮೌನ ಸಮ್ಮತಿಯ ಲಕ್ಷಣವೆಂದು ದೊರೆಗಳೆಲ್ಲ ಬಲ್ಲರು.
ಮೌನಕ್ಕೆ ಬೇರೆ ಲಕ್ಷಣಗಳೂ ಇವೆ,
ಐದೂ ಹತ್ತರ ಬಸ್ಸು ತಪ್ಪಬಾರದು ಎಂಬುದು ಒಂದು.

ಬಸ್ಸಿನಿಂದ ಫೋನು ಮಾಡಿದೆ. ‘ಇವತ್ತು ಎಷ್ಟಮ್ಮ?’
‘ಎರಡೂಕಾಲು. ಏನಾದರೂ ತಿಂದೆಯಾ?’
ಆ ‘ಹೌದಾ?’ ಕೆಳಗೆ, ಫ್ಲೋರಿಸನ ಪೆನ್ನಿನಲ್ಲಿ,
ಬಸ್ಸು ಅಲುಗುತ್ತಿದ್ದ ಹಾಗೆಯೇ ಬರೆದೆ: ೨.೨೫.
ತಾರೀಖು ಹಾಕಿದೆ. ಹೆಸರು ಹಾಕಲಿಲ್ಲ.
ನಾಲ್ಕನೇ ಕೈಯವರು ಏನೆಂದುಕೊಳ್ಳುತ್ತಾರೋ.
ಗುರುವಾರ ಪೆನ್ನು ಹಿಂದಿರುಗಿಸಬೇಕು.