ತಲೆಕೆಳಗಿನ ಬಾವಿ

ಕರೆಂಟ್ ಬಿಲ್ಲಿನ ಬೆನ್ನಿಗೆ ಬರೆದಿದ್ದೇನೆ:
ಪರೀಕ್ಷೆಯ ಫೀಸು ಮುನ್ನೂರ ನಲವತ್ತು ಡಾಲರ್.
ಪುಸ್ತಕ ಇನ್ನೂರ ಹತ್ತು,
ಓರಿನ್ ತನ್ನ ಹಳೇ ಪ್ರತಿ ಕೊಟ್ಟರೆ ಸೊನ್ನೆ,
ಆದರೆ ಅವನು ಕೊಡುವ ಆಸಾಮಿಯಲ್ಲ.
ಮಿನಿಯಾಪೊಲಿಸ್‌ಗೆ ಹೋಗಿಬರುವ ಪೆಟ್ರೋಲು,
ಎರಡು ದಿನದ ಸಂಬಳ ಖೋತಾ,
ಹೈವೇ ಬದಿಯ ಮೋಟೆಲಿನಲ್ಲಿ ಒಂದು ರಾತ್ರಿ.
ಹಾಸಿಗೆಯಲ್ಲಿ ಅಂಗಾತ ಮಲಗಿ
ಚಾವಣಿಯ ಸ್ಪ್ರಿಂಕ್ಲರ್‌ಗಳಲ್ಲಿ ತಪ್ಪು ಹುಡುಕುತ್ತೇನೆ,
ಆ ನಿದ್ದೆಯ ನಷ್ಟವನ್ನು ಹಿಡಿದಿಲ್ಲ.

ಗೆರೆಯ ಆಚೆಗೆ ಒಂದೇ ಸಾಲು:
ಗಂಟೆಗೆ ಎರಡೂ ಕಾಲು ಡಾಲರ್ ಹೆಚ್ಚು.
"ಪಾಸಾದರೆ ಫೀಸು ಕಂಪನಿಯದು, ಐಲಾ,
ಫೇಲಾದರೆ ನಿನ್ನದು" ಅಂದ ಡ್ವೇನ್.
ಗೆದ್ದೆತ್ತಿನ ಬಾಲ ಹಿಡಿಯುವವರು
ಡುಲೂತ್‌ನಲ್ಲೂ ಇದ್ದಾರೆ.

ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡು ಜನ ನಗುತ್ತಾರೆ.
ನಾನು ಬೆಂಕಿಗಿಂತ ಮೊದಲೇ ತೋಡಿದ ಬಾವಿಯನ್ನು
ಸೂರಿಗೆ ತಲೆಕೆಳಗಾಗಿ ತೂಗುಹಾಕಿ
ವರ್ಷಕ್ಕೊಮ್ಮೆ ಏಣಿ ಹತ್ತಿ
ಅದಿನ್ನೂ ಬಾವಿಯೇ ಹೌದೋ ಎಂದು ನೋಡಿಬರುವವಳು.
ನೋಡಿದರೆ ನನಗೆ ಯಾರೂ ನಗುವುದಿಲ್ಲ.
ಯಾರೂ ನೋಡುವುದೂ ಇಲ್ಲ.

ಕಿರುಬೆರಳ ಉಗುರಿನಷ್ಟು ಗಾಜು,
ಒಳಗೊಂದು ಕೆಂಪು ಹನಿ.
ನೂರೈವತ್ತೈದು ಡಿಗ್ರಿಗೆ ಅದು ಒಡೆಯಬೇಕು,
ಅಲ್ಲಿಯವರೆಗೆ ಸುಮ್ಮನಿರಬೇಕು.
ಹದಿಮೂರು ವರ್ಷದಿಂದ ನಾನೂ ಸುಮ್ಮನಿದ್ದೇನೆ.

ಬಂದರಿನ ಬೀದಿಯ ಹಳೇ ಹೋಟೆಲು
ಈಗ ಬಾಡಿಗೆ ಕೋಣೆಗಳ ಕಟ್ಟಡ.
ಹೋದ ತಿಂಗಳು ನಾಲ್ಕನೇ ಮಹಡಿಯಲ್ಲಿ
ಪೇಂಟರು ಚಾವಣಿಗೆ ಕೆನೆಬಣ್ಣ ಸಿಂಪಡಿಸುವಾಗ
ಸ್ಪ್ರಿಂಕ್ಲರ್‌ಗಳಿಗೂ ಸ್ನಾನ ಮಾಡಿಸಿದ್ದ.
ಎಣಿಸಿದೆ: ಇಪ್ಪತ್ತಮೂರು.
ಗಾಜಿನ ಮೇಲೆ ಬಣ್ಣ, ಬಾಯಿಗೆ ಬಣ್ಣ.
ಕೆಳಗೆ ವ್ಯಾನಿನಲ್ಲಿ ಹೀಟರ್ ಹಾಕಿಕೊಂಡು
ಓರಿನ್ ಫಾರ್ಮು ತುಂಬುತ್ತಿದ್ದ:
ತೃಪ್ತಿಕರ, ತೃಪ್ತಿಕರ, ತೃಪ್ತಿಕರ.
"ಇಪ್ಪತ್ತಮೂರು" ಅಂದೆ.
"ಮುಂದಿನ ವರ್ಷ ನೋಡೋಣ" ಅಂದ.
ಕಣ್ಣು ನನ್ನದು, ಸಹಿ ಅವನದು.

ಮರುದಿನ ಮಾಲೀಕರ ಆಫೀಸಿಗೆ ಫೋನು ಮಾಡಿದೆ.
ಆ ಹುಡುಗಿ ಸಭ್ಯಳು.
"ನಿಮ್ಮ ಸರ್ಟಿಫಿಕೇಟ್ ನಂಬರ್ ಹೇಳಿ ಮೇಡಂ."
ನನ್ನ ಹತ್ತಿರ ಇದ್ದದ್ದು ಬೂಟಿನ ನಂಬರು, ಎಂಟು.

ಇವತ್ತು ಮಗಳು ಬ್ರಿಟಾ ಬಿಲ್ಲನ್ನು ಇಣುಕಿ ನೋಡಿ ಕೇಳಿದಳು:
"ಅಮ್ಮಾ, ನೀನು ಸಹಿ ಹಾಕಿದ್ದು ಸುಟ್ಟುಹೋದರೆ?"
ಸುಟ್ಟುಹೋದರೆ,
ಏಣಿ ಹಿಡಿದವಳನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ,
ಸಹಿ ಹಾಕಿದವಳ ಮನೆಗೆ ವಕೀಲ ಬರುತ್ತಾನೆ.
ಇದನ್ನು ಖರ್ಚಿನ ಕಡೆ ಬರೆಯಲೋ
ಗಳಿಕೆಯ ಕಡೆ ಬರೆಯಲೋ ತಿಳಿಯದೆ
ಪೆನ್ನು ಗೆರೆಯ ಮೇಲೇ ನಿಂತಿತು,
ಶಾಯಿ ಹರಡಿತು.

ಕಿಟಕಿಯಾಚೆ ಸುಪೀರಿಯರ್ ಸರೋವರ.
ಜಗತ್ತಿನ ಅಷ್ಟೊಂದು ನೀರು
ಹಿಮಗಟ್ಟಿ ಸುಮ್ಮನೆ ಬಿದ್ದುಕೊಂಡಿದೆ,
ನಾಲ್ಕನೇ ಮಹಡಿಯಿಂದ ಎಂಟುನೂರು ಹೆಜ್ಜೆ.

ನಾಲ್ಕನೇ ಮಹಡಿಯ ರೇನೊ,
ಅದಿರಿನ ಹಡಗಿನಲ್ಲಿ ಮೂವತ್ತು ವರ್ಷ ದುಡಿದವನು,
ಏಣಿಯಿಂದ ಇಳಿದಾಗ ನನಗೆ
ರೈ ರೊಟ್ಟಿಯ ಮೇಲೆ ಹುರಿದ ಹೆರಿಂಗ್ ಇಟ್ಟು ಕೊಟ್ಟಿದ್ದ.
ಮಂಗಳವಾರ ಮೀನು, ಶುಕ್ರವಾರ ಮೀನು.
ಬಾಣಲೆ ಒಲೆಯ ಮೇಲಿಟ್ಟು
ರೇಡಿಯೋ ಮುಂದೆ ತೂಕಡಿಸುವ ಅಭ್ಯಾಸ,
ಅವನೇ ನಗುತ್ತ ಹೇಳಿದ್ದು.

ಪರೀಕ್ಷೆ ಏಪ್ರಿಲ್‌ನಲ್ಲಿ. ಇನ್ನು ಒಂಬತ್ತು ವಾರ.
ಬಿಲ್ಲಿನ ಮೂಲೆಯಲ್ಲಿ ಉಳಿದ ಜಾಗಕ್ಕೆ
ಒಂಬತ್ತನ್ನು ಎರಡರಿಂದ ಗುಣಿಸಿ
ಹದಿನೆಂಟು ಬಾಣಲೆ ಎಂದು ಬರೆದೆ.
ಡಾಲರಿನ ಲೆಕ್ಕ ಮುಂದೆ ಸಾಗಲಿಲ್ಲ.

ಚೆಕ್ ಪುಸ್ತಕ ಡ್ರಾಯರಿನಲ್ಲೇ ಇತ್ತು.
ಮುನ್ನೂರ ನಲವತ್ತು ಎಂದು ಅಕ್ಷರದಲ್ಲಿ ಬರೆದು
ಕೆಳಗೆ ಸಹಿ ಹಾಕುವಾಗ
ಯಾಕೋ ಈ ಸಲ
ಪೂರ್ತಿ ಹೆಸರು ಬರೆದೆ.